ನೆರೆ ನೀರಲ್ಲಿ ನೆನೆದ ಕಾಡತೂಸನ್ನು ಒಣಗಿಸಿ ಬಳಸಬೇಡಿ

ಬೆಳಗಾವಿ ಜಿಲ್ಲೆಯಲ್ಲಿ ನನ್ನಂಥವರು ಬಹಳ ಮಂದಿ ಇದ್ದೀರಿ. ಮಿಲ್ಟ್ರಿಯಿಂದ ಪೆನ್ಷನ್ ಬಂದ ಮೇಲೆ ಒಂದು ಹನ್ನೆರಡು ಬೋರಿನ ಸಿಂಗಲ್ ಬ್ಯಾರಲ್ ಬಂದೂಕು, ಕೈಯಲ್ಲಿ ಲೈಸೆನ್ಸು, ಮುಂದೆ ಬ್ಯಾಂಕಿನ ಬಾಗಿಲಲ್ಲಿ ಡ್ಯೂಟಿ. ಮಳೆಗಾಲ ಬಂತು ಅಂದರೆ ನನಗೆ ನಿಮ್ಮದೇ ಚಿಂತೆ. ನನಗಾದದ್ದು ನಿಮಗೆ ಆಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

2019ರ ಆಗಸ್ಟ್ ನೆನಪಿದೆ ಅಲ್ವಾ? ಘಟಪ್ರಭಾ ಉಕ್ಕಿ ಗೋಕಾಕದೊಳಗೇ ನುಗ್ಗಿತ್ತು. ನಮ್ಮ ಮನೆ ತಗ್ಗಿನಲ್ಲಿದೆ. ಮಕ್ಕಳು, ಮುದುಕಿ ತಾಯಿ, ಎರಡು ಎಮ್ಮೆ, ಇಷ್ಟನ್ನು ದಾಟಿಸುವಷ್ಟರಲ್ಲಿ ಸಾಕುಬೇಕಾಯಿತು. ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಹೊರಟೆ. ಕಾಡತೂಸಿನ, ಅಂದರೆ ಬಂದೂಕಿನ ತೋಟಾಗಳ, ಪೆಟ್ಟಿಗೆ ಮಾತ್ರ ಟ್ರಂಕಿನಲ್ಲೇ ಉಳಿಯಿತು. ಎರಡು ದಿನ ಆ ಟ್ರಂಕು ಕೆಸರುನೀರಿನ ಅಡಿಯಲ್ಲಿತ್ತು.

ನೀರಿಳಿದ ಮೇಲೆ ಬಂದು ನೋಡಿದರೆ ಹದಿನಾಲ್ಕು ಕಾಡತೂಸೂ ಇದ್ದವು. ಪ್ಲಾಸ್ಟಿಕ್ ಕವಚದವು. ತೊಳೆದಾಗ ಹೊಸದರಂತೆ ಹೊಳೆದವು. "ಇವನ್ನ ಬಿಸಲಾಗ ಇಡ್ಲೇನ್ರಿ?" ಅಂತ ನನ್ನ ಹೆಂಡತಿ ಕೇಳಿದಳು. ಇಡು ಅಂದೆ. ಮಾಳಿಗೆಯ ಮೇಲೆ ಹಪ್ಪಳ ಹರವಿದ ಹಾಗೆ ಹರವಿ ಮೂರು ದಿನ ಒಣಗಿಸಿದೆವು. ನನ್ನ ತಲೆಯಲ್ಲಿ ಇದ್ದದ್ದು ಮಿಲ್ಟ್ರಿಯ ಲೆಕ್ಕ. ಅಲ್ಲಿ ಹೊಳೆ ದಾಟಿದ್ದೇವೆ, ಮಳೆಯಲ್ಲಿ ರಾತ್ರಿಯೆಲ್ಲ ಮಲಗಿದ್ದೇವೆ, ನೆನೆದ ರೌಂಡು ಹಾರಿವೆ. ಹಾಗಾಗಿ ಇವೂ ಹಾರುತ್ತವೆ ಅಂದುಕೊಂಡೆ.

ಆ ಲೆಕ್ಕ ತಪ್ಪು. ಮಿಲ್ಟ್ರಿಯ ರೌಂಡು ಬೇರೆ ಜಾತಿ. ಹಿತ್ತಾಳೆ ಕೇಸಿನ ಕೊರಳು ಗುಂಡನ್ನು ಬಿಗಿಯಾಗಿ ಹಿಡಿದಿರುತ್ತದೆ. ಕೊರಳಿಗೂ ಹಿಂದಿನ ಟೋಪಿಯ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಸುತ್ತಲೂ ನೀರು ಹೋಗದಂತೆ ಅರಗಿನಂಥ ಲೇಪ ಇರುತ್ತದೆ. ಹನ್ನೆರಡು ಬೋರಿನ ಕಾಡತೂಸಿನ ಬಾಯಿ ನೋಡಿ. ಪ್ಲಾಸ್ಟಿಕ್ಕನ್ನು ನಕ್ಷತ್ರದ ಹಾಗೆ ಮಡಚಿ ಒತ್ತಿರುತ್ತಾರೆ, ಅಷ್ಟೇ. ಆ ಮಡಿಕೆಗಳ ನಡುವೆ ಸಣ್ಣ ಸಂದು ಇದ್ದೇ ಇರುತ್ತದೆ. ಒಂದು ಮಳೆಗೆ ಏನೂ ಆಗದಿರಬಹುದು. ಎರಡು ದಿನ ಮುಳುಗಿದರೆ ನೀರು ನಿಧಾನವಾಗಿ ಒಳಗಿಳಿಯುತ್ತದೆ. ಒಳಗೆ ಮದ್ದಿಗೂ ಚರೆಗೂ (ಸಣ್ಣ ಗುಂಡುಗಳು) ನಡುವೆ ಉಣ್ಣೆಯ ಬಿಲ್ಲೆಯೋ ರಟ್ಟಿನ ಬಿಲ್ಲೆಯೋ ಇದ್ದರೆ ಅದು ನೀರು ಕುಡಿದು ಉಬ್ಬುತ್ತದೆ. ಹಳೆಯ ಕಾಗದದ ಕಾಡತೂಸಾದರೆ ಮೈಯೇ ಉಬ್ಬಿ ನಳಿಗೆಗೆ ಹೋಗುವುದಿಲ್ಲ. ಅದು ಒಂದು ರೀತಿ ಒಳ್ಳೆಯದೇ, ಕೆಟ್ಟಿದೆ ಅಂತ ಕಣ್ಣಿಗೆ ಕಾಣುತ್ತದೆ. ಪ್ಲಾಸ್ಟಿಕ್ಕಿನದು ಏನನ್ನೂ ತೋರಿಸುವುದಿಲ್ಲ. ಬಿಸಿಲಿಗೆ ಹೊರಮೈ ಒಣಗುತ್ತದೆ. ಒಳಗಿನ ಪಸೆ ಒಳಗೇ ಇರುತ್ತದೆ.

2020ರ ಫೆಬ್ರವರಿಯಲ್ಲಿ ರೇಂಜಿಗೆ ಹೋಗಿ ಅಭ್ಯಾಸ ಮಾಡುವ ಅವಕಾಶ ಸಿಕ್ಕಿತು. ಹೊಸ ಕಾಡತೂಸು ಯಾಕೆ ಖರ್ಚು ಮಾಡಲಿ ಅಂತ ಆ ಹದಿನಾಲ್ಕನ್ನೇ ಒಯ್ದೆ. ಮೊದಲನೆಯದು ಸರಿಯಾಗಿ ಹಾರಿತು. ಹೆಗಲಿಗೆ ಒದೆ ಬಂತು, ಸದ್ದು ಬಂತು. ನೋಡಿ, ನನ್ನನ್ನು ಕೆಡಿಸಿದ್ದು ಇದೇ. ಒಂದು ಹಾರಿದ್ದಕ್ಕೆ ಎಲ್ಲವೂ ಸರಿ ಇವೆ ಅಂದುಕೊಂಡೆ.

ಎರಡನೆಯದಕ್ಕೆ ಕುದುರೆ (ಟ್ರಿಗರ್) ಎಳೆದಾಗ "ಠುಸ್" ಅಂತ ಸಣ್ಣ ಸದ್ದು. ಒದೆಯೇ ಇಲ್ಲ. ಬಂದೂಕನ್ನು ನಡುವೆ ಮಡಚಿ ತೆರೆದಾಗ ಅರೆಬೆಂದ ಮದ್ದಿನ ಕಾಳು ಅಂಗೈ ಮೇಲೆ ಉದುರಿದವು. ಅಲ್ಲೇ ನಿಲ್ಲಬೇಕಿತ್ತು. ಆದರೆ ಫೌಜಿನ ಕೈ. ರೌಂಡು ಕೈಕೊಟ್ಟರೆ ಕಾಕ್ ಮಾಡು, ಮುಂದುವರಿ ಅಂತ ಹದಿನೇಳು ವರ್ಷ ಕಲಿತ ಕೈ. ಖಾಲಿ ಕವಚ ತೆಗೆದೆ, ಮೂರನೆಯದನ್ನು ಹಾಕಿದೆ, ಎಳೆದೆ.

ಎಡಗೈಗೆ ಕರೆಂಟು ಹೊಡೆದ ಹಾಗಾಯಿತು. ಕಿವಿ ಗುಂಯ್ ಅಂದಿತು. ರೇಂಜಿನ ಉಸ್ತಾದರು ಓಡಿ ಬಂದು, "ಏ, ಬಂದೂಕ ಕೆಳಗ ಇಡು, ಏನೂ ಮುಟ್ಟಬ್ಯಾಡ!" ಅಂತ ಕೂಗಿದರು. ನಳಿಗೆಯ ತುದಿಯಿಂದ ಒಂದು ಗೇಣು ಹಿಂದೆ ಬಳೆ ತೊಡಿಸಿದಂತೆ ಉಬ್ಬು ಎದ್ದಿತ್ತು. ಸೀಳಿರಲಿಲ್ಲ. ಸೀಳಿದ್ದರೆ ನನ್ನ ಎಡಗೈ ಬೆರಳು, ಪಕ್ಕದಲ್ಲಿ ನಿಂತಿದ್ದ ಹುಡುಗನ ಮುಖ, ಎರಡೂ ಹೋಗುತ್ತಿದ್ದವು. ಆ ಹುಡುಗನ ಮದುವೆ ಆಗಿ ಆಗ ಒಂದು ತಿಂಗಳೂ ಆಗಿರಲಿಲ್ಲ. ಇವತ್ತಿಗೂ ರಾತ್ರಿ ಅದು ನೆನಪಾದರೆ ನಿದ್ದೆ ಹಾರುತ್ತದೆ.

ಉಸ್ತಾದರು ಕೂಡಿಸಿಕೊಂಡು ತಿಳಿಸಿ ಹೇಳಿದರು. ಎರಡನೆಯ ಕಾಡತೂಸಿನ ಟೋಪಿ ಹೊತ್ತಿದೆ, ಆದರೆ ಪಸೆ ಹಿಡಿದ ಮದ್ದು ಅರ್ಧ ಮಾತ್ರ ಉರಿದಿದೆ. ಚರೆಗಳನ್ನು ಹೇಗೋ ಉರುಳಿಸಿದೆ, ಬಿಲ್ಲೆಯನ್ನು ಹೊರಗೆ ದಬ್ಬುವ ಶಕ್ತಿ ಅದಕ್ಕಿರಲಿಲ್ಲ. ಬಿಲ್ಲೆ ನಳಿಗೆಯಲ್ಲೇ ಕೂತಿದೆ. ಮೂರನೆಯದು ಪೂರ್ತಿ ಜೋರಿನಲ್ಲಿ ಬಂದು ಅದಕ್ಕೆ ಗುದ್ದಿದೆ. ಹನ್ನೆರಡು ಬೋರಿನ ನಳಿಗೆ ಕಾಡತೂಸು ಕೂರುವ ಕಡೆ ದಪ್ಪ, ಮುಂದೆ ಹೋದಂತೆ ತೆಳು. ಹಾಗಾಗಿ ಮುಂದುಗಡೆ ಅಡ್ಡ ಬಂದರೆ ತಡೆಯುವ ಬಲ ಅದಕ್ಕಿಲ್ಲ.

ಹಾರದೇ ಇರುವ ಕಾಡತೂಸಿಗಿಂತ ಅರ್ಧ ಹಾರುವ ಕಾಡತೂಸು ಜಾಸ್ತಿ ಅಪಾಯ. ನನಗೆ ಇದು ಗೊತ್ತಿರಲಿಲ್ಲ. ಸದ್ದು ಸಣ್ಣದಾಗಿ ಬಂತು, ಒದೆ ಕಡಿಮೆ ಅನಿಸಿತು ಅಂದರೆ ನಿಲ್ಲಿಸಿ. ಮೂತಿಯನ್ನು ಗುರಿಯ ಕಡೆಗೇ ಹಿಡಿದು ಕಾಯಿರಿ. ಆಮೇಲೆ ಬಂದೂಕು ಮಡಚಿ, ಕಾಡತೂಸು ತೆಗೆದು, ಹಿಂದಿನಿಂದ ನಳಿಗೆಯೊಳಗೆ ಬೆಳಕು ನೋಡಿ. ಬೆಳಕು ಕಾಣದಿದ್ದರೆ ಅಥವಾ ಒಳಗೆ ಏನಾದರೂ ಅಡ್ಡ ಕಂಡರೆ ಮುಂದಿನದನ್ನು ಹಾಕಲೇಬೇಡಿ. ಕುದುರೆ ಎಳೆದೂ ಏನೂ ಆಗದಿದ್ದರೆ ಕೂಡಲೇ ತೆರೆಯಬೇಡಿ. ಕಡಿಮೆ ಅಂದರೂ 30 ಸೆಕೆಂಡು ಹಾಗೇ ಹಿಡಿದಿರಿ. ಒದ್ದೆ ಕಾಡತೂಸು ತಡವಾಗಿ ಹೊತ್ತುವುದೂ ಉಂಟು.

ಬಕೆಟ್ಟಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟ ಕಾಡತೂಸು ಬೆಳಿಗ್ಗೆ ಢಂ ಅಂತ ಹಾರುವ ವಿಡಿಯೋ ನೋಡಿ ಯಾರಾದರೂ ನಿಮಗೆ ಧೈರ್ಯ ಹೇಳಬಹುದು. ಹಾರುತ್ತವೆ, ಸುಳ್ಳಲ್ಲ. ಆದರೆ ಹತ್ತು ಹಾರಿದ್ದು ಹನ್ನೊಂದನೆಯದಕ್ಕೆ ಖಾತ್ರಿ ಕೊಡುವುದಿಲ್ಲ. ನನ್ನ ಹದಿನಾಲ್ಕರಲ್ಲಿ ಕೆಟ್ಟದ್ದು ಎಷ್ಟನೆಯದು ಅಂತ ಹೊರಗಿನಿಂದ ಯಾರಿಗೂ ಹೇಳಲು ಆಗುತ್ತಿರಲಿಲ್ಲ.

ನೆರೆಯೇ ಬರಬೇಕು ಅಂತಲೂ ಇಲ್ಲ. ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತು, ಜಿಟಿಜಿಟಿ ಅಂತ ವಾರಗಟ್ಟಲೆ ಬಿಡುವುದಿಲ್ಲ. ಬೈಕಿನ ಮೇಲೆ ಡ್ಯೂಟಿಗೆ ಹೋಗುವಾಗ ಕ್ಯಾನ್ವಾಸ್ ಚೀಲ ನೆನೆಯುತ್ತದೆ. ಮನೆಗೆ ಬಂದು ಬಂದೂಕನ್ನು ಅದೇ ಚೀಲದಲ್ಲಿ ಬಿಟ್ಟರೆ ಒಂದೇ ವಾರದಲ್ಲಿ ಜಂಗು ಹಿಡಿಯುತ್ತದೆ. ನಳಿಗೆಯ ಕಪ್ಪು ಬಣ್ಣ ಜಂಗನ್ನು ತಡೆಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಎಣ್ಣೆ ಇಲ್ಲದಿದ್ದರೆ ಅದು ಹೆಚ್ಚು ದಿನ ತಡೆಯುವುದಿಲ್ಲ. ಕಾಡತೂಸನ್ನು ಚರ್ಮದ ಬೆಲ್ಟಿನಲ್ಲಿ ತಿಂಗಳುಗಟ್ಟಲೆ ಇಡುವವರು ಅದರ ಹಿತ್ತಾಳೆ ಬುಡ ನೋಡಿಕೊಳ್ಳಿ, ಹಸಿರು ಕಿಲುಬು ಕೂತಿರುತ್ತದೆ. ಡ್ಯೂಟಿಯ ಕಾಡತೂಸನ್ನು ನಾನು ಈಗ ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸುತ್ತೇನೆ. ದುಡ್ಡು ಹೋಗುತ್ತದೆ, ಹೋಗಲಿ.

ವಿಜಯಪುರದ ನನ್ನ ಗೆಳೆಯನ ಕಥೆ ಬೇರೆ. ಅವನ ರಿವಾಲ್ವರ್ ಅವನ ಜೊತೆಗೇ ಕಾಲುವೆಗೆ ಬಿದ್ದಿತ್ತು. ನಮ್ಮ ಕಡೆ ಹವೆ ಒಣ, ಏನಾಗುತ್ತದೆ ಅಂತ ಮೇಲೆ ಒರೆಸಿ ಇಟ್ಟುಬಿಟ್ಟ. ಮೂರು ವಾರ ಬಿಟ್ಟು ನೋಡಿದರೆ ಚಕ್ರವೇ ತಿರುಗಲಿಲ್ಲ. ಒಳಗಿನ ಸ್ಪ್ರಿಂಗಿಗೆ ಜಂಗು, ಸಂದಿನಲ್ಲಿ ಕಾಲುವೆಯ ಸಣ್ಣ ಮರಳು. ನೀರು ಹೇಗೋ ಆರುತ್ತದೆ, ಮರಳು ಎಲ್ಲಿಗೂ ಹೋಗುವುದಿಲ್ಲ. ನೀರಿಗೆ ಬಿದ್ದ ಆಯುಧವನ್ನು ಮೊದಲು ಖಾಲಿ ಮಾಡಿ, ಮೂತಿ ಕೆಳಗೆ ಮಾಡಿ ಒಳಗಿನ ನೀರನ್ನು ಹೊರಗೆ ಸುರಿಯಬೇಕು. ಸಣ್ಣ ನಳಿಗೆಯಲ್ಲಿ ನೀರು ತಾನಾಗಿ ಇಳಿಯುವುದಿಲ್ಲ, ಕೊಡವಬೇಕು. ಕೆಸರಿದ್ದರೆ ಒಳ್ಳೆಯ ನೀರಲ್ಲಿ ತೊಳೆದು, ಒಣಬಟ್ಟೆ ಹಾಕಿ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಬೇಕು. ಒಳಗೆ ಬಿಚ್ಚುವುದು ನಮ್ಮ ಕೆಲಸವಲ್ಲ. ಲೈಸೆನ್ಸ್ ಇರುವ ಮಿಸ್ತ್ರಿಯ ಕೈಗೇ ಕೊಡಿ. ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿ ಮಾಡುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ.

ಕಾಡತೂಸಿಗೆ ಮಾತ್ರ ಎಣ್ಣೆ ಹಚ್ಚಬೇಡಿ. ಎಣ್ಣೆ ಟೋಪಿಯ ಸಂದಿನಿಂದ ಒಳಗಿಳಿದು ಮದ್ದನ್ನು ಕೊಲ್ಲುತ್ತದೆ. ಒಲೆಯ ಹತ್ತಿರ ಇಟ್ಟು ಒಣಗಿಸುವ ಯೋಚನೆಯನ್ನೂ ಮಾಡಬೇಡಿ.

ನನ್ನ ಬಂದೂಕಿನ ನಳಿಗೆ ಮತ್ತೆ ಕೆಲಸಕ್ಕೆ ಬರುವುದಿಲ್ಲ ಅಂತ ಮಿಸ್ತ್ರಿ ನೋಡಿದ ಕೂಡಲೇ ಹೇಳಿದ. ಹೊಸದಕ್ಕೆ ಅರ್ಜಿ ಹಾಕುವಷ್ಟರಲ್ಲಿ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು, ಕಚೇರಿ ಬಾಗಿಲು ಮುಚ್ಚಿದವು. ಬಂದೂಕಿಲ್ಲದ ಗನ್‌ಮ್ಯಾನನನ್ನು ಏಜೆನ್ಸಿಯವರು ಡ್ಯೂಟಿಗೆ ಇಡಲಿಲ್ಲ. ಏಳು ತಿಂಗಳು ಪೆನ್ಷನ್ನಿನಲ್ಲೇ ಮನೆ ನಡೆಯಿತು. ಮಗಳ ಕಾಲೇಜಿನ ಫೀಸಿಗೆ ಒಂದು ಎಮ್ಮೆ ಮಾರಿದೆವು.

ಉಳಿದ ಹನ್ನೊಂದು ಕಾಡತೂಸನ್ನು ಠಾಣೆಗೆ ಒಪ್ಪಿಸಿ ಬರಹದಲ್ಲಿ ಸ್ವೀಕೃತಿ ಪಡೆದೆ. ನೀವೂ ಹಾಗೇ ಮಾಡಿ. ಬಾವಿಗೆ ಎಸೆಯುವುದು, ಸುಡುವುದು, ಒಡೆದು ಮದ್ದು ತೆಗೆಯುವುದು ಬೇಡ. ನೆರೆಯಲ್ಲಿ ತೇಲಿ ಹೋಗಿದ್ದರೆ ತಡ ಮಾಡದೆ ದೂರು ಕೊಡಿ, ಯಾಕೆಂದರೆ ಲೈಸೆನ್ಸಿನಲ್ಲಿ ಒಂದೊಂದರ ಲೆಕ್ಕವೂ ಇರುತ್ತದೆ. ಹೋಗುವಾಗ ಲೈಸೆನ್ಸ್ ಪುಸ್ತಕದ ಜೊತೆ ಕಾಡತೂಸು ಕೊಂಡ ರಸೀದಿಯನ್ನೂ ಒಯ್ಯಿರಿ. ನನ್ನ ರಸೀದಿ ನೆರೆಯಲ್ಲಿ ಹೋಗಿತ್ತು. ಅಂಗಡಿಯವರ ಹತ್ತಿರ ನಕಲು ತೆಗೆಸಿಕೊಂಡು ಬರಲು ಎರಡು ಸಲ ಬೆಳಗಾವಿಗೆ ತಿರುಗಿದೆ.