ಬರ ತಡೆಯುವ ಔಷಧಿ ಎಂದು ಬಾಟಲಿ ಕೊಟ್ಟರೆ ಬಿಲ್ ಇಲ್ಲದೆ ಮುಟ್ಟಬೇಡಿ

ಅರಸೀಕೆರೆ, ಕಡೂರು ಕಡೆ ಮುಸುಕಿನ ಜೋಳ ಅಥವಾ ರಾಗಿ ಹಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಎಲೆಗೆ ಸಿಂಪಡಿಸಿದರೆ ಇಪ್ಪತ್ತೈದು ದಿನ ಮಳೆ ಬಾರದಿದ್ದರೂ ಬೆಳೆ ತಡೆಯುತ್ತದೆ ಎಂದು ಹೇಳಿ ಯಾರಾದರೂ ಬಾಟಲಿ ಕೈಗಿಟ್ಟರೆ, ಬಿಲ್ ಇಲ್ಲದೆ ತೆಗೆದುಕೊಳ್ಳಬೇಡಿ. ನಾನು ತೆಗೆದುಕೊಂಡೆ. ಅರ್ಧ ಲೀಟರಿನ ಆರು ಬಾಟಲಿಗೆ 6,900 ರೂಪಾಯಿ ಕೊಟ್ಟೆ. ನನ್ನ ಮಾತು ಕೇಳಿ ನನ್ನ ಷಡ್ಡಕರೂ ಎರಡು ಬಾಟಲಿ ತಂದರು. ಇವತ್ತಿಗೂ ಅವರ ಮುಖ ನೋಡಲು ನನಗೆ ನಾಚಿಕೆಯಾಗುತ್ತದೆ.

ನಮ್ಮದು ಜಾವಗಲ್ ಹೋಬಳಿ, ಮೂರು ಎಕರೆ ಮಳೆಯಾಶ್ರಿತ ಮುಸುಕಿನ ಜೋಳ. ಜೂನ್ ಕೊನೆಯಲ್ಲಿ ಬಿತ್ತಿದ ಪೈರು ಪುಷ್ಯ ಮಳೆಗೆ ಚೆನ್ನಾಗಿಯೇ ಎದ್ದಿತ್ತು. ಆಮೇಲೆ 2023ರ ಆಗಸ್ಟ್ ಹೇಗಿತ್ತೆಂದು ನಿಮಗೇ ಗೊತ್ತು. ಆಶ್ಲೇಷ ಹನಿಯಲಿಲ್ಲ, ಮಘೆಯೂ ಕೈಕೊಟ್ಟಿತು. ಸೂಲಂಗಿ, ಅಂದರೆ ಜೋಳದ ಗಿಡದ ತುದಿಯ ಗಂಡು ಹೂ, ಬರುವ ಹೊತ್ತಿಗೆ ಸರಿಯಾಗಿ ಬೆಳಿಗ್ಗೆ ಹತ್ತು ಗಂಟೆಗೇ ಎಲೆಗಳು ಸುರುಳಿ ಸುತ್ತಿಕೊಳ್ಳತೊಡಗಿದವು. ಅಂತಹ ಸಮಯದಲ್ಲಿ ರೈತನ ಮನಸ್ಸು ಹೇಗಿರುತ್ತದೆ ಎಂಬುದು ಬಾಟಲಿ ಕೊಟ್ಟ ಗೊಬ್ಬರದ ಅಂಗಡಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ನಾನು ಕೇಳಲು ಹೋದದ್ದು 13-0-45, ಅಂದರೆ ನೀರಿನಲ್ಲಿ ಕಲಸಿ ಎಲೆಗೆ ಸಿಂಪಡಿಸುವ ಪೊಟ್ಯಾಸಿಯಂ ನೈಟ್ರೇಟ್ ಗೊಬ್ಬರ. "ಅದೆಲ್ಲ ಹಳೇದಾಯ್ತು ಗೌಡ್ರೇ, ಇದು ಹೊಸದು, ಬೇರಿಗೆ ನೀರು ಎಳೆಯುತ್ತೆ" ಎಂದು ಅವರು ಈ ಬಾಟಲಿ ತೆಗೆದಿಟ್ಟರು. ಬಿಲ್ ಕೇಳಿದಾಗ, "ಬಿಲ್ ಹಾಕಿದರೆ ತೆರಿಗೆ ಸೇರುತ್ತೆ, ನಿಮಗ್ಯಾಕೆ ಹೊರೆ" ಎಂದು ಬಿಳಿ ಚೀಟಿಯಲ್ಲಿ ಮೊತ್ತ ಬರೆದುಕೊಟ್ಟರು. ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ ಎಂದುಕೊಂಡೆ. ಆ ಚೀಟಿಯಲ್ಲಿ ಅಂಗಡಿಯ ಹೆಸರೂ ಇರಲಿಲ್ಲ, ಔಷಧಿಯ ಹೆಸರೂ ಇರಲಿಲ್ಲ.

ಸಂಜೆ ನಾಲ್ಕರ ಮೇಲೆ, ಎಕರೆಗೆ ಇನ್ನೂರು ಲೀಟರ್ ನೀರಿಗೆ ಎರಡು ಬಾಟಲಿಯಂತೆ, ಅವರು ಹೇಳಿದ ಅಳತೆಯಲ್ಲೇ ಸಿಂಪಡಿಸಿದೆವು. ಮೂರನೆಯ ದಿನಕ್ಕೆ ಎಲೆಯ ಅಂಚು ಸುಟ್ಟಂತಾಯಿತು. ಫೋನ್ ಮಾಡಿದೆ. "ಇನ್ನೂ ನಾಲ್ಕು ದಿನ ನೋಡಿ, ಒಳಗಿಂದ ಕೆಲಸ ಮಾಡುತ್ತೆ" ಎಂದರು. ನಾಲ್ಕು ದಿನ ಬಿಟ್ಟು ಮತ್ತೆ ಮಾಡಿದೆ. "ಮಟಮಟ ಮಧ್ಯಾಹ್ನ ಹೊಡೆದಿದ್ದೀರಿ, ಅದಕ್ಕೇ ಸುಟ್ಟಿದೆ" ಎಂದರು. ನಾನು ಯಾವ ಹೊತ್ತಿನಲ್ಲಿ ಸಿಂಪಡಿಸಿದೆ ಎಂದು ಒಂದು ಮಾತು ಕೇಳಲಿಲ್ಲ, ನೇರವಾಗಿ ತಪ್ಪು ನನ್ನದೇ ಎಂದುಬಿಟ್ಟರು.

ಆಗ ಖಾಲಿ ಬಾಟಲಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋದೆ. ಅಲ್ಲಿದ್ದವರು ಬಾಟಲಿಯನ್ನು ಸುತ್ತಲೂ ತಿರುಗಿಸಿ ನೋಡಿ, "ಇದರೊಳಗೆ ಏನಿದೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಬಾಟಲಿಗೆ ಅಂಟಿಸಿದ್ದ ಚೀಟಿಯ ತುಂಬ ಹಸಿರು ತೆನೆಯ ಚಿತ್ರವಿತ್ತು. ಯಾವ ಅಂಶ ಶೇಕಡಾ ಎಷ್ಟಿದೆ, ತಯಾರಿಸಿದವರ ವಿಳಾಸವೇನು, ಬ್ಯಾಚ್ ಸಂಖ್ಯೆ ಎಷ್ಟು, ಒಂದೂ ಇರಲಿಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ 2021ರಲ್ಲಿ ಇಂತಹ ಜೈವಿಕ ಉತ್ತೇಜಕಗಳನ್ನೂ (ಬೆಳೆಗೆ ಚೈತನ್ಯ ಕೊಡುತ್ತವೆಂದು ಮಾರುವ ಉತ್ಪನ್ನಗಳನ್ನೂ) ಸೇರಿಸಲಾಗಿದೆ, ಆದ್ದರಿಂದ ಇವನ್ನು ಮನಸ್ಸಿಗೆ ಬಂದಂತೆ ಮಾರುವ ಹಾಗಿಲ್ಲ ಎಂಬುದು ಆಗಲೇ ನನಗೆ ತಿಳಿದದ್ದು. ಬಿಲ್ ತನ್ನಿ, ದೂರು ಬರೆದುಕೊಡಿ ಎಂದರು.

ಬಿಲ್ ಎಲ್ಲಿಂದ ತರಲಿ? ಅಂಗಡಿಗೇ ಹೋಗಿ ಕೇಳಿದೆ. ನಾಲ್ಕು ಜನರ ಮುಂದೆ ಅವರು ಹೇಳಿದ್ದು ಇಷ್ಟು: "ಇದು ನಮ್ಮ ಅಂಗಡಿಯದೇ ಅನ್ನೋದಕ್ಕೆ ಏನು ಸಾಕ್ಷಿ? ಬಿಲ್ ಇದ್ದರೆ ತೋರಿಸಿ." ಬಿಲ್ ಬೇಡವೆಂದು ಬಾಯಾರೆ ಹೇಳಿದ ಮನುಷ್ಯ, ಅದೇ ಗಲ್ಲಾದ ಹಿಂದೆ ಕುಳಿತು, ಬಿಲ್ ತೋರಿಸಿ ಎಂದು ನನ್ನನ್ನೇ ಕೇಳಿದ. ಆ ಕ್ಷಣ ನನ್ನ ಕೈಕಾಲು ನಡುಗಿದ್ದು ಸಿಟ್ಟಿಗೋ ಅವಮಾನಕ್ಕೋ ಈಗಲೂ ತಿಳಿಯದು.

ಪಕ್ಕದ ಹೊಲದವರು ಎಲೆ ಸುತ್ತಿಕೊಳ್ಳಲು ಶುರುವಾದ ವಾರದಲ್ಲೇ ಲೀಟರ್ ನೀರಿಗೆ ಹತ್ತು ಗ್ರಾಂ 13-0-45 ಕಲಸಿ ಸಿಂಪಡಿಸಿದ್ದರು. ನಾನು ಒಂದು ಎಕರೆಗೆ ಸುರಿದ ದುಡ್ಡಿನೊಳಗೆ ಅವರ ಮೂರು ಎಕರೆಯೂ ಮುಗಿದಿತ್ತು. ಅವರಿಗೂ ಪೂರ್ತಿ ಫಸಲು ಬಂದಿಲ್ಲ, ಸುಳ್ಳು ಹೇಳಲಾರೆ. ಆ ಗೊಬ್ಬರದಲ್ಲಿರುವ ಪೊಟ್ಯಾಷ್ ಎಲೆಯ ರಂಧ್ರಗಳು ತೆರೆದು ಮುಚ್ಚುವುದನ್ನು ಹಿಡಿತದಲ್ಲಿಟ್ಟು ಗಿಡದ ನೀರನ್ನು ಸ್ವಲ್ಪ ಉಳಿಸಬಲ್ಲದೇ ಹೊರತು ಮಣ್ಣಿನಲ್ಲಿಲ್ಲದ ನೀರನ್ನು ತಂದುಕೊಡಲಾರದು. ಬಾಡಿ ಒರಟಾದ ಎಲೆ ಸಿಂಪಡಿಸಿದ್ದನ್ನು ಸರಿಯಾಗಿ ಹೀರುವುದೂ ಇಲ್ಲ. ಆದರೂ ಅವರ ತೆನೆಯಲ್ಲಿ ಕಾಳಿದೆ. ನನ್ನ ಹೊಲದಲ್ಲಿ ಸೂಲಂಗಿಯ ಪರಾಗ ಉದುರಿ ಮುಗಿದ ಮೇಲೆ ತೆನೆಯ ಕೂದಲು ಹೊರಬಂತು; ಪರಾಗ ಸಿಗದೆ ಕಾಳು ಕಟ್ಟಲಿಲ್ಲ. ಸಿಪ್ಪೆ ಸುಲಿದರೆ ಅರ್ಧ ದಿಂಡು ಬೋಳು.

ಏನನ್ನೇ ಕೊಳ್ಳುವ ಮೊದಲು ಬಾಟಲಿಯ ಮೇಲಿನ ಚೀಟಿಯ ಫೋಟೊ ತೆಗೆದು ಹಾಸನದ ಬಳಿಯ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರಿಗೋ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದವರಿಗೋ ತೋರಿಸಿ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಬರೆಸಿಕೊಳ್ಳಿ. ತೆರಿಗೆ ಉಳಿಯುತ್ತದೆ ಎನ್ನುವವರ ಅಂಗಡಿಯ ಮೆಟ್ಟಿಲು ಇಳಿದುಬಿಡಿ. ಮೊದಲು ಎರಡು ಸಾಲಿಗೆ ಮಾತ್ರ ಸಿಂಪಡಿಸಿ ನೋಡಿ; ನಾನು ಅಷ್ಟನ್ನಾದರೂ ಮಾಡಿದ್ದರೆ ಉಳಿದ ಬಾಟಲಿಗಳನ್ನು ಹಾಗೆಯೇ ವಾಪಸ್ ಕೊಡಬಹುದಿತ್ತು.

ಇದನ್ನು ಈಗಲೇ ಬರೆಯಲು ಕಾರಣವಿದೆ. ರಾಗಿ ತೆನೆ ಬಿಡುವ ಹೊತ್ತು ಬಂದಿದೆ, ಮಳೆ ಇಲ್ಲ. ಅದೇ ಅಂಗಡಿಯಲ್ಲಿ ಅದೇ ಬಾಟಲಿಗೆ ಜೋಳದ ಚಿತ್ರ ತೆಗೆದು ರಾಗಿಯ ಚಿತ್ರ ಅಂಟಿಸಿ ಇಟ್ಟಿರುವುದನ್ನು ಸೋಮವಾರ ನನ್ನ ಕಣ್ಣಾರೆ ನೋಡಿ ಬಂದಿದ್ದೇನೆ.