ಮುರಕಲ್ಲಿನ ಗೋಡೆಗೆ ಶೆಲ್ಫ್: ನಾಲ್ಕು ಬಗೆ ಹಾಕಿ ನೋಡಿದ ಮೇಲೆ

ಉಡುಪಿ ಕಡೆಯ ಮುರಕಲ್ಲಿನ (ಲ್ಯಾಟರೈಟ್ ಎಂಬ ಕೆಂಪು ಕಲ್ಲು) ಮನೆಯಲ್ಲಿ ಭಾರದ ಶೆಲ್ಫ್ ಹಾಕುವುದಿದ್ದರೆ ಕೆಮಿಕಲ್ ಆ್ಯಂಕರೇ ಸರಿ, ಅಂದರೆ ತೂತಿಗೆ ಅಂಟು ತುಂಬಿ ಅದರಲ್ಲಿ ರಾಡ್ ಕೂರಿಸುವ ಬಗೆ. ಮರದ ಗೂಟ, ನೈಲಾನ್ ಪ್ಲಗ್, ಆ್ಯಂಕರ್ ಬೋಲ್ಟ್ ಎಲ್ಲವನ್ನೂ ನಮ್ಮ ಮನೆಯ ಗೋಡೆಗೇ ಹಾಕಿ ನೋಡಿ ಹೇಳುತ್ತಿದ್ದೇನೆ. ನಮ್ಮದು ಅಡುಗೆಮನೆಯ ಶೆಲ್ಫ್. ಕುಚ್ಚಲಕ್ಕಿ ಡಬ್ಬ, ತೆಂಗಿನೆಣ್ಣೆ ಕ್ಯಾನ್, ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಪಾತ್ರೆಗಳು ಎಲ್ಲ ಅದರ ಮೇಲೆಯೇ. ಕೆಳಗೆ ಅಮ್ಮ ನಿಂತು ಅಡುಗೆ ಮಾಡುತ್ತಾರೆ. ಸದ್ಯಕ್ಕೆ ನಿಂತರೆ ಸಾಕು ಎನ್ನುವ ಹಾಗಿರಲಿಲ್ಲ.

ಗೋಡೆಗೆ ತೂತು ಕೊರೆಯುವ ಬಗ್ಗೆ ಸಿಗುವ ವಿಡಿಯೊಗಳಲ್ಲಿ ಹೆಚ್ಚಿನವು ಕಾಂಕ್ರೀಟಿಗೋ ಇಟ್ಟಿಗೆಗೋ ಹೇಳಿದವು. ಮುರಕಲ್ಲು ಬೇರೆಯೇ. ಕೋರೆಯಲ್ಲಿ ಕಡಿಯುವಾಗ ಮೆತ್ತಗಿದ್ದು ಆಮೇಲೆ ಗಾಳಿಗೆ ಗಟ್ಟಿಯಾಗುವ ಕಲ್ಲು ಇದು. ಒಳಗೆಲ್ಲ ಸಣ್ಣ ತೂತು, ಅಲ್ಲಲ್ಲಿ ಜೇಡಿ ತುಂಬಿದ ಪೊಳ್ಳು. ಐಎಸ್ 3620 ಎಂಬ ಭಾರತೀಯ ಮಾನಕ ಈ ಕಲ್ಲಿಗೆ ಕೇಳುವ, ಒತ್ತಡ ತಾಳುವ ಕನಿಷ್ಠ ಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್. ಎಂ20 ಎಂಬ ದರ್ಜೆಯ ಕಾಂಕ್ರೀಟಿನದು 20. ಅಲ್ಲಿ ನಡೆದದ್ದು ಇಲ್ಲಿ ಯಾಕೆ ನಡೆಯುವುದಿಲ್ಲ ಎಂಬುದಕ್ಕೆ ಈ ಎರಡು ಅಂಕಿ ಸಾಕು.

ನನ್ನನ್ನು ಹೆಚ್ಚು ಸತಾಯಿಸಿದ್ದು ಆ್ಯಂಕರ್ ಬೋಲ್ಟ್. ‘ಇದನ್ನು ಹಾಕಿ, ಆನೆ ಕಟ್ಟಿದರೂ ಅಲ್ಲಾಡುವುದಿಲ್ಲ’ ಎಂದು ಅಂಗಡಿಯಲ್ಲಿ ಕೊಟ್ಟರು. ಕಾಂಕ್ರೀಟಿನಲ್ಲಾದರೆ ಆ ಮಾತು ನಿಜವೇ. ನಟ್ ಬಿಗಿದಂತೆ ಒಳಗಿನ ಶಂಕು ಮುಂದೆ ಬರುತ್ತದೆ, ಸುತ್ತಲಿನ ತಗಡು ಅರಳಿ ತೂತಿನ ಬದಿಯನ್ನು ಒತ್ತಿ ಹಿಡಿಯುತ್ತದೆ. ಆದರೆ ಒತ್ತಿದರೆ ಪುಡಿಯಾಗುವುದೇ ಮುರಕಲ್ಲಿನ ಗುಣ. ಸ್ಪ್ಯಾನರ್ ತಿರುಗಿಸುವಾಗ ಮೊದಲು ಬಿಗಿಯಾದ ಹಾಗೆ ಅನ್ನಿಸುತ್ತದೆ. ಇನ್ನೊಂದು ಸುತ್ತು ತಿರುಗಿಸಿದರೆ ಕೈಗೆ ಏನೂ ತಾಗುವುದಿಲ್ಲ, ನಟ್ ಸುಮ್ಮನೆ ತಿರುಗುತ್ತದೆ, ಬೋಲ್ಟಿನ ಕೆಳಗಿನಿಂದ ಕೆಂಪು ಹುಡಿ ಉದುರುತ್ತದೆ. ದಪ್ಪದ ಬೋಲ್ಟ್ ತಂದರೆ ಸಾರಣೆಯೂ (ಗೋಡೆಯ ಪ್ಲಾಸ್ಟರ್) ಸುತ್ತ ಬಿರುಕು ಬಿಡುತ್ತದೆ.

ಇನ್ನೂ ಕೆಟ್ಟ ಸಂಗತಿ ಉಂಟು. ಒಂದೇ ಗೋಡೆಯಲ್ಲಿ ಒಂದು ಕಲ್ಲು ಗಟ್ಟಿ, ಪಕ್ಕದ್ದು ಮೆದು. ನಮ್ಮ ಬ್ರಾಕೆಟಿನ ಕೆಳಗಿನ ಬೋಲ್ಟ್ ಚೆನ್ನಾಗಿಯೇ ಹಿಡಿಯಿತು, ಮೇಲಿನದು ಹಿಡಿಯಲಿಲ್ಲ. ಶೆಲ್ಫಿನ ಭಾರಕ್ಕೆ ಬ್ರಾಕೆಟಿನ ಕೆಳತುದಿ ಗೋಡೆಗೆ ಒತ್ತಿಕೊಳ್ಳುತ್ತದೆ, ಮೇಲ್ತುದಿ ಹೊರಗೆ ಎಳೆಯುತ್ತದೆ. ಅಂದರೆ ನಂಬಬೇಕಾದ ಬೋಲ್ಟೇ ಕೈಕೊಟ್ಟಿತ್ತು.

ಮರದ ಗೂಟ ಹಳೆಯ ಮನೆಗಳಲ್ಲಿ ಈಗಲೂ ಕಾಣುತ್ತದೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಸೊರಗಿ ಸಡಿಲವಾಗುತ್ತದೆ, ಗೆದ್ದಲಿನ ಭಯ ಬೇರೆ.

ನೈಲಾನ್ ಪ್ಲಗ್ ಕೆಟ್ಟದ್ದಲ್ಲ, ಅಳತೆ ಸರಿಯಾಗಿದ್ದರೆ ಮಾತ್ರ. ಅಂಗಡಿಯವರು ಕೊಡುವ ಗಿಡ್ಡ ಪ್ಲಗ್ ಹೆಚ್ಚುಕಡಿಮೆ ಸಾರಣೆಯಲ್ಲೇ ಮುಗಿಯುತ್ತದೆ. ಸಾರಣೆ ದಾಟಿ ಕಲ್ಲಿನೊಳಗೆ ಕನಿಷ್ಠ 50 ಮಿಲಿಮೀಟರ್ ಹೋಗುವಂಥದ್ದನ್ನೇ ಕೇಳಿ ತನ್ನಿ. ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ, ಮೊದಲು 6 ಮಿಲಿಮೀಟರಿನ ಬಿಟ್, ಆಮೇಲೆ ಬೇಕಾದ ಅಳತೆಯದು. ಹ್ಯಾಮರಿನಲ್ಲೇ ಕೊರೆದರೆ ಬಿಟ್ ಪೊಳ್ಳಿನ ಕಡೆಗೆ ಜಾರಿ ತೂತು ಅಗಲವಾಗುತ್ತದೆ, ಪ್ಲಗ್ ಸ್ಕ್ರೂವಿನ ಜೊತೆಗೇ ತಿರುಗುತ್ತದೆ. ದೇವರ ಫೋಟೊ, ಗಡಿಯಾರ, ಟವೆಲ್ ರಾಡ್‌ಗೆ ಇದು ಧಾರಾಳ.

ಕೆಮಿಕಲ್ ಆ್ಯಂಕರ್ ಗೋಡೆಯನ್ನು ಒತ್ತುವುದಿಲ್ಲ, ತುಂಬುತ್ತದೆ. ಬೇರೆ ಕಡೆ ಶಾಪವಾದ ಪೊಳ್ಳು ಇಲ್ಲಿ ಅಂಟಿಗೆ ಹಿಡಿಯಲು ಜಾಗವಾಗುತ್ತದೆ. ತೂತನ್ನು ಬ್ರಷ್ ಹಾಕಿ ಉಜ್ಜಿ, ಪಂಪಿನಿಂದ ಹುಡಿ ಊದಿ ತೆಗೆಯಬೇಕು. ಹುಡಿ ಉಳಿದರೆ ಅಂಟು ಹಿಡಿಯುವುದು ಹುಡಿಯನ್ನು, ಕಲ್ಲನ್ನಲ್ಲ. ಆಮೇಲೆ ಜಾಲರಿಯ ಕೊಳವೆ ತೂರಿಸಬೇಕು. ಅದಿಲ್ಲದೆ ಒತ್ತಿದರೆ ದೊಡ್ಡ ಪೊಳ್ಳು ಸಿಕ್ಕಲ್ಲಿ ಅಂಟೆಲ್ಲ ಗೋಡೆಯೊಳಗೇ ಹೋಗುತ್ತದೆ. ಅಂಟಿನ ಕಾರ್ಟ್ರಿಜ್ ಹಾಕಿದ ಗನ್ನಿನಿಂದ ಮೊದಲು ಬರುವ ಅಂಟನ್ನು, ಅದರ ಎರಡು ಭಾಗ ಬೆರೆತು ಬಣ್ಣ ಒಂದೇ ಆಗುವ ತನಕ, ಕಾಗದದ ಮೇಲೆ ಬಿಟ್ಟುಬಿಡಿ. ಕೊಳವೆಯನ್ನು ತುದಿಯಿಂದ ತುಂಬಿಸುತ್ತಾ ಬಂದು, ಥ್ರೆಡ್ ರಾಡನ್ನು ನಿಧಾನವಾಗಿ ತಿರುಗಿಸಿ ಒಳಗೆ ಇಳಿಸಿ. ನಮ್ಮ ಕರಾವಳಿಯ ಸೆಕೆಗೆ ಅಂಟು ಬೇಗ ಬಿಗಿಯುತ್ತದೆ. ರಾಡ್ ನೇರ ಮಾಡಲು ಸಿಗುವುದು ಕೆಲವೇ ನಿಮಿಷ. ಅದರ ನಂತರ ಲೇಬಲ್ಲಿನಲ್ಲಿ ಬರೆದಷ್ಟು ಹೊತ್ತು ಮುಟ್ಟಲೇಬಾರದು, ಮಾರಾಯ್ರೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕು. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬೇಡಿ.

ಖರ್ಚು ಇದಕ್ಕೇ ಹೆಚ್ಚು. ಗನ್ ಬೇರೆ, ಜಾಲರಿ ಬೇರೆ, ಒಮ್ಮೆ ಬಳಸಿದ ಮೂತಿಯೊಳಗೆ ಅಂಟು ಕಲ್ಲಾಗುವುದರಿಂದ ಮುಂದಿನ ಸಲಕ್ಕೆ ಹೊಸ ಮೂತಿ ಬೇರೆ. ನನಗೆ ಅದು ಭಾರವಾಗಲಿಲ್ಲ, ಯಾಕೆಂದರೆ ನಾನು ಮನೆಕೆಲಸವನ್ನೆಲ್ಲ ಕೂಡಿಟ್ಟು ಒಂದು ಭಾನುವಾರ ಮುಗಿಸುವವನು: ಶೆಲ್ಫ್, ವಾಟರ್ ಹೀಟರ್, ಜಗಲಿಯ ತೂಗುಕುರ್ಚಿಯ ಕೊಂಡಿ ಎಲ್ಲ ಒಂದೇ ಕಾರ್ಟ್ರಿಜ್ಜಿನಲ್ಲಿ ಆಯಿತು. ಒಂದೇ ಬ್ರಾಕೆಟ್ ಹಾಕುವವರಿಗೆ, ಬಾಡಿಗೆ ಮನೆಯವರಿಗೆ ಉದ್ದದ ನೈಲಾನ್ ಪ್ಲಗ್ಗೇ ಸಾಕು, ಭಾರ ಮಾತ್ರ ಕಡಿಮೆ ಇಡಿ.

ಯಾವುದನ್ನು ಹಾಕಿದರೂ ಸ್ಕ್ರೂ, ರಾಡ್ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಸಮುದ್ರದ ಗಾಳಿಗೆ ಉಳಿದದ್ದು ತುಕ್ಕು ಹಿಡಿಯುತ್ತದೆ. ಕೆಲಸವನ್ನು ಮೇ ತಿಂಗಳೊಳಗೆ ಮುಗಿಸಿ. ಆಟಿಯ ಮಳೆಯಲ್ಲಿ ನೀರು ಕುಡಿದ ಗೋಡೆಯನ್ನು ಕೊರೆದರೆ ಹುಡಿಯ ಬದಲು ಕೆಸರು ಬರುತ್ತದೆ, ಅದು ಪಂಪಿಗೆ ಹೋಗುವುದಿಲ್ಲ.