ಹಿಂದೆ ಇನ್ನೊಂದು ಬರ್ತಿದೆ: ಒಂದೇ ಹಳಿ, ಎರಡು ಟೈಮ್‌ಟೇಬಲ್

ಕುಶಾಲನಗರ ಬಸ್ ಸ್ಟ್ಯಾಂಡಿನಲ್ಲಿ ನಾನು ಮೈಸೂರು ಬಸ್ಸಿನ ಟೈಮ್ ಕೇಳಿದ್ದೇ ಇಲ್ಲ. ಮಡಿಕೇರಿ ಕಡೆಯಿಂದ ಬಂದ ಬಸ್ಸು ತುಂಬಿದ್ದರೆ ಕಂಡಕ್ಟರ್ ಬಾಗಿಲಲ್ಲೇ ನಿಂತು, "ಹಿಂದೆ ಇನ್ನೊಂದು ಖಾಲಿ ಬರ್ತಿದೆ, ಅದಕ್ಕೆ ಹತ್ತಿ" ಅನ್ನುತ್ತಾರೆ. ಖಾಲಿ ಅನ್ನೋದು ಸುಳ್ಳು. ಬರ್ತಿದೆ ಅನ್ನೋದು ನಿಜ. ಆ ಅರ್ಧ ನಿಜ ನಂಬಿಕೊಂಡೇ ನಾವೆಲ್ಲ ಮನೆ ಬಿಡುತ್ತೇವೆ.

ಹಳಿಯೇ ಇಲ್ಲದ ಜಿಲ್ಲೆಯವನಿಗೆ ರೈಲಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಮಗಳು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದಾಳೆ. 2022ರಲ್ಲಿ ಒಮ್ಮೆ, 2025ರಲ್ಲಿ ಒಮ್ಮೆ, ಎರಡು ಸಲವೂ ಕಾಫಿ ಕೊಯ್ಲು ಮುಗಿಸಿ ನಾನು, ನನ್ನ ಹೆಂಡತಿ ಹೋಗಿ ಬಂದೆವು. ಅಲ್ಲಿ ಕಾರು ಓಡಿಸುವ ಧೈರ್ಯ ನನಗಿಲ್ಲ. ಹಾಗಾಗಿ ಓಡಾಟವೆಲ್ಲ ಕ್ಯಾಲ್‌ಟ್ರೇನ್‌ನಲ್ಲಿ. ಇದು ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ಯಾನ್ ಹೊಸೆ ದಾಟಿ ಹೋಗುವ ಲೋಕಲ್ ರೈಲು. ಎರಡು ಪ್ರವಾಸದ ಮಧ್ಯೆ ಹಳಿ ಬದಲಾಗಿರಲಿಲ್ಲ, ಸ್ಟೇಷನ್ ಬದಲಾಗಿರಲಿಲ್ಲ. ರೈಲು ಓಡಿಸುವ ಲೆಕ್ಕಾಚಾರ ಮಾತ್ರ ಪೂರ್ತಿ ಬದಲಾಗಿತ್ತು.

ಹಳೆಯ ಲೆಕ್ಕಾಚಾರ ಆಫೀಸಿನವರದು. ಬೆಳಗ್ಗೆ ಸಂಜೆ ರೈಲು ಜಾಸ್ತಿ, ಉಳಿದ ಹೊತ್ತಿನಲ್ಲಿ ಕಡಿಮೆ. 2004ರಿಂದ 'ಬೇಬಿ ಬುಲೆಟ್' ಅನ್ನುವ ವೇಗದ ರೈಲೂ ಇತ್ತು. ಕೆಲವೇ ಕಡೆ ನಿಲ್ಲುತ್ತಿತ್ತು. ಸನ್ನಿವೇಲ್ ಪಕ್ಕದ ಲಾರೆನ್ಸ್ ಸ್ಟೇಷನ್ನಿನಲ್ಲಿ ಅದು ನಿಧಾನದ ರೈಲನ್ನು ಹಿಂದೆ ಹಾಕಲಿ ಅಂತಲೇ ಹೆಚ್ಚುವರಿ ಹಳಿ ಹಾಕಿದ್ದಾರೆ. ಕೋವಿಡ್‌ಗೆ ಮೊದಲು ವಾರದ ದಿನಗಳಲ್ಲಿ ಸುಮಾರು 65,000 ಜನ ಹತ್ತುತ್ತಿದ್ದರು. 2020ರ ಏಪ್ರಿಲ್ ಹೊತ್ತಿಗೆ ಹೆಚ್ಚುಕಡಿಮೆ ಯಾರೂ ಇಲ್ಲ. ಕಂಪ್ಯೂಟರ್ ಕೆಲಸದವರು ಮನೆಯಲ್ಲೇ ಕೂತರು, ಅಲ್ವಾ.

2022ರ ಒಂದು ಭಾನುವಾರ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟೆವು. ಟಿಕೆಟ್ ಬದಲು ಕ್ಲಿಪ್ಪರ್ ಕಾರ್ಡನ್ನು ಪ್ಲಾಟ್‌ಫಾರ್ಮಿನ ಕಂಬಕ್ಕೆ ತೋರಿಸಬೇಕು. ಕಾರ್ಡು ಜಾಕೆಟ್ಟಿನ ಒಳಜೇಬಿನಲ್ಲಿತ್ತು, ನಾನು ಪ್ಯಾಂಟಿನ ಜೇಬು ತಡಕುತ್ತಿದ್ದೆ. ಬಾಗಿಲು ಮುಚ್ಚಿತು. ತಪ್ಪು ನನ್ನದೇ. ಮುಂದಿನ ರೈಲು ಇನ್ನೊಂದು ಗಂಟೆ ಬಿಟ್ಟು. ಬೆಂಚಿನ ಮೇಲೆ ಕೂತು, ಮಧ್ಯಾಹ್ನಕ್ಕೆ ಕಟ್ಟಿಸಿಕೊಂಡಿದ್ದ ಅಕ್ಕಿ ರೊಟ್ಟಿಯನ್ನು ಬೆಳಗ್ಗೆ ಹತ್ತಕ್ಕೇ ಮುಗಿಸಿದೆವು. ಸಂಜೆ ಮಗಳಿಗೆ ಹೇಳಿದರೆ, "ಅಪ್ಪಾ, ಅದಕ್ಕೇ ನಾವು ಎರಡನೇ ಕಾರು ತಗೊಂಡಿದ್ದು" ಅಂದಳು.

2024ರ ಸೆಪ್ಟೆಂಬರ್ 21ರಿಂದ ಅಲ್ಲಿ ಕರೆಂಟಿನ ರೈಲು. ನಿಲ್ಲುತ್ತಾ ಹೋಗುವ ಲೋಕಲ್‌ಗೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ಯಾನ್ ಹೊಸೆಗೆ ಮೊದಲು ಸುಮಾರು 100 ನಿಮಿಷ ಬೇಕಿತ್ತು, ಈಗ 75 ಸಾಕು. ಇದರ ಗುಟ್ಟು ಟಾಪ್ ಸ್ಪೀಡಿನಲ್ಲಿಲ್ಲ. ಡೀಸೆಲ್ ಎಂಜಿನ್ ಒಂದೇ ಇಡೀ ಗಾಡಿಯನ್ನು ಎಳೆಯಬೇಕು. ನಿಂತು ಹೊರಟಾಗ, ಏರುದಾರಿಯಲ್ಲಿ ಮೂಟೆ ಹೇರಿದ ಲಾರಿಯ ಹಾಗೆ. ಕರೆಂಟ್ ಗಾಡಿಯಲ್ಲಿ ಹಲವು ಬೋಗಿಗಳ ಅಡಿಯಲ್ಲೇ ಮೋಟಾರಿದೆ. ನಮ್ಮಲ್ಲಿ ಹತ್ತಿರದ ಊರುಗಳ ಮಧ್ಯೆ ಓಡುವ ಮೆಮು ಅನ್ನೋ ಕರೆಂಟ್ ರೈಲಿನದೂ ಹೆಚ್ಚುಕಡಿಮೆ ಇದೇ ಉಪಾಯ. ಸ್ಟೇಷನ್ ಬಿಟ್ಟ ಕೂಡಲೇ ವೇಗ ಹಿಡಿಯುತ್ತದೆ. ಸ್ಟಾಪ್ ಕಿತ್ತುಹಾಕದೆಯೇ ಟೈಮ್ ಉಳಿಯುತ್ತದೆ. ಉಳಿದ ಟೈಮಿನಲ್ಲಿ ಅದೇ ಗಾಡಿ ಇನ್ನೊಂದು ಟ್ರಿಪ್ ಹೊಡೆಯಬಹುದು.

ನನ್ನಂಥವನಿಗೆ ಕಂಡ ದೊಡ್ಡ ಬದಲಾವಣೆ ಶನಿವಾರ, ಭಾನುವಾರದ್ದು. ಗಂಟೆಗೊಂದರ ಬದಲು ಅರ್ಧ ಗಂಟೆಗೊಂದು ರೈಲು. 2025ರ ಭಾನುವಾರವೂ ನಾನು ರೈಲು ತಪ್ಪಿಸಿದೆ, ಈ ಸಲ ಕಾಫಿ ಕೊಳ್ಳೋಕೆ ಹೋಗಿ. (ಅಲ್ಲಿನ ಕಾಫಿಯ ಬಗ್ಗೆ ಕೊಡಗಿನವರ ಹತ್ತಿರ ಕೇಳಬೇಡಿ.) ಮೂರು ವರ್ಷದ ಹಿಂದೆ ಮಾತು ಬಿಟ್ಟಿದ್ದ ಹೆಂಡತಿ ಈ ಸಲ, "ಹೋಗ್ಲಿ ಬಿಡಿ, ಹಿಂದೆ ಇನ್ನೊಂದು ಬರ್ತಿದೆ" ಅಂದಳು. ಬೋಗಿ ತುಂಬ ತಳ್ಳುಗಾಡಿಯಲ್ಲಿ ಕೂತ ಮಕ್ಕಳು, ಸೈಕಲ್, ಬೇಸ್‌ಬಾಲ್ ಟೋಪಿ ಹಾಕಿದವರು. ವಾರಾಂತ್ಯದ ಪ್ರಯಾಣಿಕರು ಅಲ್ಲಿ ದುಪ್ಪಟ್ಟಿಗಿಂತ ಜಾಸ್ತಿಯಾಗಿದ್ದಾರೆ. ವಾರದ ದಿನಗಳಲ್ಲಿ ಆ ಹಳೆಯ 65,000 ಇನ್ನೂ ಮುಟ್ಟಿಲ್ಲ, ಅದನ್ನೂ ಹೇಳಬೇಕು.

ಬುಲೆಟ್ ಬಗ್ಗೆ ದೂರಿಲ್ಲ. 2022ರಲ್ಲಿ ಒಂದು ಬೆಳಗ್ಗೆ ಅದರಲ್ಲಿ ಹೋದೆ, ಸೊಗಸಾಗಿತ್ತು. ಕೆಲಸ ಹನ್ನೊಂದಕ್ಕೇ ಮುಗಿದಾಗ ವಾಪಸು ಬರೋಕೆ ಆ ವೇಗ ಉಪಯೋಗಕ್ಕೆ ಬರಲಿಲ್ಲ. ಜನ ಲೆಕ್ಕ ಹಾಕೋದು ವಾಪಸು ಬರುವ ದಾರಿಯನ್ನು. ನನ್ನ ಮಗಳು ಮೊದಲು ಐದು ದಿನ ಒಂದೇ ಹೊತ್ತಿಗೆ ಹೋಗಿ ಒಂದೇ ಹೊತ್ತಿಗೆ ಬರುತ್ತಿದ್ದಳು. ಈಗ ಮಂಗಳವಾರದಿಂದ ಗುರುವಾರದವರೆಗೆ ಮಾತ್ರ ಆಫೀಸು, ಅದರಲ್ಲೂ ಮಧ್ಯಾಹ್ನ ಮೂರಕ್ಕೇ ಆಫೀಸು ಬಿಟ್ಟು ಮಗುವನ್ನು ಕರೆತರಬೇಕು. ಆರು ಗಂಟೆಯ ಬುಲೆಟ್ ಅವಳಿಗೇನು ಮಾಡೀತು? ಬಾಸ್ಟನ್ ಇದನ್ನು ಬೇಗ ಅರ್ಥ ಮಾಡಿಕೊಂಡಿತು. 2021ರ ಏಪ್ರಿಲ್‌ನಲ್ಲೇ ಅಲ್ಲಿನ ಕಮ್ಯೂಟರ್ ರೈಲಿನ ವೇಳೆಯನ್ನು ದಿನವಿಡೀ ಸಮನಾಗಿ ಹಂಚಿದರು.

ಇದಕ್ಕೆಲ್ಲ ದುಡ್ಡು? 2020ರ ನವೆಂಬರಿನಲ್ಲಿ, ರೈಲು ಖಾಲಿ ಓಡುತ್ತಿದ್ದಾಗಲೇ, ಅಲ್ಲಿನ ಮೂರು ಕೌಂಟಿಯ ಜನ ಕ್ಯಾಲ್‌ಟ್ರೇನ್‌ಗಾಗಿ ಮಾರಾಟ ತೆರಿಗೆಗೆ ವೋಟು ಹಾಕಿದರು. ನೂರು ಡಾಲರ್ ಸಾಮಾನಿಗೆ ಹನ್ನೆರಡೂವರೆ ಸೆಂಟ್.

ಈಗ ನಮ್ಮ ಕಡೆಗೆ. ಬೆಂಗಳೂರಿಗೆ ನಾನು ಎರಡು ದಾರಿ ನೋಡಿದ್ದೇನೆ: ನೇರ ಬಸ್ಸು, ಇಲ್ಲ ಮೈಸೂರಿನವರೆಗೆ ಬಸ್ಸು, ಆಮೇಲೆ ರೈಲು. ಹೋಗುವಾಗ ರೈಲೇ ಚೆಂದ. ಕಾಲು ಚಾಚಬಹುದು, ಮದ್ದೂರು ವಡೆ ಸೀಟಿಗೇ ಬರುತ್ತದೆ. ಬರುವಾಗ ಬಸ್ಸು. ಕೆಲಸ ಯಾವಾಗ ಮುಗಿಯುತ್ತದೋ ಗೊತ್ತಿರೋದಿಲ್ಲ, ಮುಂದಿನ ರೈಲಿಗೆ ಎಷ್ಟು ಹೊತ್ತು ಕಾಯಬೇಕೋ ನೋಡಿಕೊಂಡು ಕೂರುವ ತಾಳ್ಮೆ ಇಲ್ಲ. ಜೋಡಿ ಹಳಿ ಇದ್ದರೂ ದೂರದ ಎಕ್ಸ್‌ಪ್ರೆಸ್, ಹತ್ತಿರದ ಪ್ಯಾಸೆಂಜರ್ ಎಲ್ಲ ಒಂದೇ ದಾರಿಯಲ್ಲಿ ಓಡುವಾಗ ಸಮ ಅಂತರದಲ್ಲಿ ರೈಲು ಬಿಡೋದು ಸುಲಭವಲ್ಲ, ಒಪ್ಪುತ್ತೇನೆ. ಕೋವಿಡ್ ಆದಮೇಲೆ ಪ್ಯಾಸೆಂಜರ್ ರೈಲುಗಳು ಎಕ್ಸ್‌ಪ್ರೆಸ್ ದರದಲ್ಲಿ ವಾಪಸು ಬಂದವು. 10 ರೂಪಾಯಿ ಇದ್ದ ಕನಿಷ್ಠ ದರ 30 ಆಯಿತು, 2024ರ ಆರಂಭದವರೆಗೂ ಹಾಗೇ ಇತ್ತು. ಅಷ್ಟರಲ್ಲಿ 2023ರ ಮಾರ್ಚ್‌ನಲ್ಲಿ ದಶಪಥ ರಸ್ತೆ ಬಂತು, ಜೂನ್‌ನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಬಸ್ಸು ಬಂತು. ನನ್ನ ಹೆಂಡತಿ ಆಮೇಲೆ ಮೈಸೂರಿನಲ್ಲಿ ರೈಲು ಸ್ಟೇಷನ್ ಕಡೆ ತಿರುಗಿಯೂ ನೋಡಿಲ್ಲ.

ಮೈಸೂರು–ಕುಶಾಲನಗರ ರೈಲಿನ ಮಾತು ನಮ್ಮಲ್ಲಿ ಆಗಾಗ ಏಳುತ್ತದೆ. ಟೀ ಅಂಗಡಿಯಲ್ಲಿ ಎಲ್ಲರಿಗೂ ಬೇಕಿರೋದು ಬೆಂಗಳೂರಿಗೆ ಒಂದು ಎಕ್ಸ್‌ಪ್ರೆಸ್, ಬೆಳಗ್ಗೆ ಹೋಗಿ ರಾತ್ರಿ ಬರುವಂಥದ್ದು. ನನ್ನ ವೋಟು ಮೈಸೂರಿನವರೆಗೆ ಮಾತ್ರ ಹೋಗುವ ಸಣ್ಣ ಮೆಮುವಿಗೆ. ಪಿರಿಯಾಪಟ್ಟಣ, ಹುಣಸೂರಿನಲ್ಲಿ ನಿಲ್ಲಲಿ, ಗಂಟೆಗೊಂದು ಬರಲಿ. ಆಸ್ಪತ್ರೆಗೆ ಹೋಗುವವರು, ಕಾಲೇಜು ಹುಡುಗರು, ಮದುವೆಗೆ ಸೀರೆ ತರುವವರು, ಯಾರದೂ ಒಂದೇ ಹೊತ್ತಲ್ಲ. ದಿನಕ್ಕೆ ಎರಡೇ ರೈಲು ಬಿಟ್ಟರೆ ಮೊದಲ ದಿನ ಫೋಟೋ ತೆಗೆಸಿಕೊಳ್ಳೋಕೆ ನಾನೂ ಹತ್ತುತ್ತೇನೆ. ಮಾರನೇ ದಿನದಿಂದ ಮತ್ತೆ ಬಸ್ಸೇ.